ಇಂದ, ಗೆ

ಹದಿನೇಳನೇ ಮನೆಗೆ ಬರುತ್ತಿದ್ದ ರಿಜಿಸ್ಟರ್ಡ್ ಲಕೋಟೆಗಳಲ್ಲಿ
ಇಂದ ಅನ್ನುವಲ್ಲಿ ಎನಿಡ್ ಸ್ಕೆಲ್ಟನ್,
ಗೆ ಅನ್ನುವಲ್ಲೂ ಎನಿಡ್ ಸ್ಕೆಲ್ಟನ್.
ನೀಲಿ ಗೀಟು ಅಡ್ಡಡ್ಡ, ಅರಗಿನ ಮೇಲೆ ಅವಳದೇ ಹೆಬ್ಬೆರಳು.
ಗ್ರಿಮ್ಸ್‌ಬಿಯ ಅಂಚೆಯಲ್ಲಿ ಒಂಬತ್ತು ವರ್ಷದ ಹಳಬ ನಾನು,
ಸತ್ತವರ ಹೆಸರಿಗೆ ಬಂದ ಕಾಗದ ಕೊಟ್ಟಿದ್ದೇನೆ,
ಇನ್ನೂ ಹುಟ್ಟದ ಮಗುವಿಗೆ ಬಂದ ಉಣ್ಣೆಯ ಕಾಲುಚೀಲ ಕೊಟ್ಟಿದ್ದೇನೆ,
ತನಗೆ ತಾನೇ ಕಳಿಸಿಕೊಳ್ಳುವವಳನ್ನು ಕಂಡಿರಲಿಲ್ಲ.

ಮೂರನೆಯದಕ್ಕೆ ಸಹಿ ಹಾಕಿಸುವಾಗ ಕೇಳಿಯೇಬಿಟ್ಟೆ.
ಮೀನು ಸೀಳುವ ಕೈ. ಪೆನ್ನು ಜಾರುತ್ತಿತ್ತು.
'ಹಾಡು,' ಅಂದಳು. 'ಠಸ್ಸೆಯಲ್ಲಿ ತಾರೀಕಿರುತ್ತಲ್ಲ.
ನಾಳೆ ಯಾರಾದರೂ ತಮ್ಮದು ಅಂದರೆ
ಜಡ್ಜ್ ಎದುರು ಒಡೆಯುವುದು.
ಅದಕ್ಕೂ ಮೊದಲೇ ಒಡೆದರೆ ಬರೀ ಕಾಗದ.'
ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.
ಆಮೇಲೆ, ಒಳಗಿನದಕ್ಕೆ ಉಸಿರು ಕಟ್ಟಬಾರದೆಂದೋ ಏನೋ,
ತುಸು ಸಡಿಲ ಬಿಟ್ಟಳು.

ಬೀಗ ಹಾಕಿದ್ದು ಲಕೋಟೆಗೆ. ಬಾಯಿಗೆ ಹಾಕಿರಲಿಲ್ಲ.
ಹನ್ನೊಂದನೆಯದು ತಂದ ದಿನ, ಫೆಬ್ರವರಿ, ಮೆಟ್ಟಿಲ ಮೇಲೆ ಹಿಮ,
ಒಳಗೆ ಪಾತ್ರೆ ತೊಳೆಯುತ್ತ ಹಾಡುತ್ತಿದ್ದಳು.
ಬಾಗಿಲು ತಟ್ಟಲಿಲ್ಲ ನಾನು. ಮೂರು ಸಲ ಪೂರ್ತಿ ಕೇಳಿದೆ.
ತಮ್ಮ ವಿಲ್ಫ್ ಇದ್ದ ಟ್ರಾಲರು ಐಸ್‌ಲ್ಯಾಂಡಿನ ಕಡೆ ಹೋದದ್ದು
ಬರಲಿಲ್ಲ ಅಂತ ಬೀದಿಗೆಲ್ಲ ಗೊತ್ತಿತ್ತು.

ಆಮೇಲೆ ಸೈಕಲ್ಲು, ಎದುರು ಗಾಳಿ.
ಚಳಿಯಲ್ಲಿ ಬಾಯಿ ಸುಮ್ಮನಿರುತ್ತದೆಯೇ?
ಮನೆಯಿಂದ ಮನೆಗೆ, ಗ್ಯಾಸ್ ಬಿಲ್ಲಿನ ಜೊತೆ, ಮದುವೆ ಕಾಗದದ ಜೊತೆ,
ಠಸ್ಸೆಯಿಲ್ಲದೆ, ಸಹಿಯಿಲ್ಲದೆ
ಅದನ್ನೂ ಹಂಚಿದೆ.
ನಲವತ್ತೆರಡನೇ ಮನೆಯ ಕಿಟಕಿಯಲ್ಲಿ ಗಿಟಾರು ಹಿಡಿದ ಹುಡುಗ
ಟೋಬಿ ರಡ್ಕಿನ್, 'ಇನ್ನೊಂದು ಸಲ ಹೇಳಿ' ಅಂದ.
ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

ಎರಡು ವರ್ಷಕ್ಕೆ ರೇಡಿಯೋದಲ್ಲಿ ಬಂತು.
ಪಬ್ಬಿನಲ್ಲಿ ಜೋಡಿಗಳು ತಬ್ಬಿ ಕುಣಿದವು.
ಸಾಹಿತ್ಯ, ಸಂಗೀತ: ಟಿ. ರಡ್ಕಿನ್.

ವಕೀಲ ಚಹಾ ಕೊಟ್ಟು ಹೇಳಿದನಂತೆ:
ಬರೆದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ, ಅರಗು ಬೇಡ, ಅಂಚೆ ಬೇಡ;
ಹುಟ್ಟಿತು ಅನ್ನಲು ಸಾಕ್ಷಿ ಬೇಕು. ಡಬ್ಬಿ ತನ್ನಿ.
ಇಪ್ಪತ್ತಮೂರು ಲಕೋಟೆ. ಮೇಲೆ ಬರೀ ಅವಳ ಹೆಸರು, ಎರಡೆರಡು ಸಲ.
ಯಾವುದರೊಳಗೆ ಯಾವುದು? ಗುರುತು ಹಾಕಿರಲಿಲ್ಲ.
ಯಾವ ತಿಂಗಳು ಬರೆದದ್ದು? ನೆನಪಿಲ್ಲ,
ವಿಲ್ಫ್ ಹೋದ ಮೇಲಿನ ತಿಂಗಳುಗಳೆಲ್ಲ ಒಂದೇ ತಿಂಗಳು.
ತಪ್ಪಿ ಒಡೆದದ್ದು, ಅವಳ ಲೆಕ್ಕದಲ್ಲಿ, ಸತ್ತಂತೆ.

ನನಗೆ ಗೊತ್ತಿತ್ತು. ಹನ್ನೊಂದನೆಯದು. ಫೆಬ್ರವರಿಯ ಠಸ್ಸೆ.
ಹೇಳಬೇಕೆಂದು ಮೆಟ್ಟಿಲ ತನಕ ಹೋದೆ.
ಅವಳೇ ಬಾಗಿಲು ತೆಗೆದು ಅಂದಳು, ಸಿಟ್ಟೇನೂ ಇರಲಿಲ್ಲ ದನಿಯಲ್ಲಿ:
'ಕದ್ದದ್ದಿರಲಿ. ಕದಿಯುವವ ಸರಿಯಾಗಿ ಕದಿಯಬೇಡವೇ?
ಮಲಗಿದೆಯಾ ಕಡಲಲ್ಲಿ ಅಂತ ನಾನು ಬರೆದದ್ದು.
ಮಲಗಿದೆಯಾ ಮಡಿಲಲ್ಲಿ ಅನ್ನುತ್ತಾನೆ ಅವನು.
ನನ್ನ ವಿಲ್ಫ್‌ನನ್ನು ನೀರಿನಿಂದ ಎತ್ತಿ
ಯಾವಳದೋ ಮಡಿಲಿಗೆ ಹಾಕಿದ.'

ನನ್ನ ನಾಲಿಗೆ ಲಕೋಟೆಯ ಅಂಟಿನ ಹಾಗೆ ಅಂಟಿಕೊಂಡಿತು.
ಹುಡುಗ ಸರಿಯಾಗಿಯೇ ಕದ್ದಿದ್ದ.
ಆ ದಿನ ನಲ್ಲಿ ನೀರಿನ ಸದ್ದಿನಲ್ಲಿ
ಮಡಿಲು ಅಂತ ಕೇಳಿಸಿಕೊಂಡವನು ನಾನು.
ಕುಣಿಯುವವರಿಗೆಲ್ಲ ಬೇಕಾದದ್ದೂ ಆ ಒಂದೇ ಪದ.

ಇವತ್ತಿಗೂ ಯಾರದೋ ಮದುವೆಯಲ್ಲಿ ಆ ಸಾಲು ಬಂದಾಗ
ಕೈ ಜೇಬಿಗೆ ಹೋಗಿ ಸಹಿಯ ಪುಸ್ತಕ ತಡಕುತ್ತದೆ.
ಮೂರಕ್ಷರ. ತಾರೀಕಿಲ್ಲ.
ಯಾರಿಂದ, ಯಾರಿಗೆ, ಬರೆದಿಲ್ಲ.

ಎನಿಡ್ ಕೋರ್ಟಿಗೆ ಹೋಗಲಿಲ್ಲ. ನಾನು ಬಾಯಿ ಬಿಡಲಿಲ್ಲ.
ಅದಾದ ಮೇಲೂ ಹನ್ನೆರಡು ಲಕೋಟೆ ಕಳಿಸಿಕೊಂಡಳು.
ಪ್ರತಿ ಸಲವೂ ನಾನು ಬೀದಿಯ ತಿರುವಿನಿಂದಲೇ
ಸೈಕಲ್ಲಿನ ಗಂಟೆ ಬಾರಿಸುತ್ತ ಬಂದೆ,
ಹಾಡುತ್ತಿದ್ದರೆ ನಿಲ್ಲಿಸಲಿ ಅಂತ.